ವಾಯವ್ಯ ಕರ್ನಾಟಕದ ಸಾರಿಗೆ ಬಸ್ಸುಗಳ ವಯಸ್ಸು ಮತ್ತು ಮರುಪೂರಣ: ಒಂದು ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಮತ್ತು ಉತ್ತರ ಕನ್ನಡ ಎಂಬ ಆರು ಜಿಲ್ಲೆಗಳಲ್ಲಿ ಐದು ಸಾವಿರದ ಆಸುಪಾಸಿನಷ್ಟು ಬಸ್ಸುಗಳನ್ನು ಓಡಿಸುತ್ತದೆ. ಈ ಜಿಲ್ಲೆಗಳ ಬಹುಪಾಲು ಹಳ್ಳಿಗಳಿಗೆ ಈ ಬಸ್ಸನ್ನು ಬಿಟ್ಟರೆ ಉಳಿಯುವುದು ಟಂಟಂ ಇಲ್ಲವೆ ಟ್ರ್ಯಾಕ್ಸ್ ಮಾತ್ರ. ಅವೂ ಜನ ತುಂಬಿದ ಮೇಲಷ್ಟೇ ಹೊರಡುತ್ತವೆ. ಹೀಗಿರುವಾಗ ಸಂಸ್ಥೆಯ ಬಸ್ಸುಗಳಿಗೆ ಎಷ್ಟು ವಯಸ್ಸಾಗಿದೆ, ಹಳೆಯವು ಹೋದಂತೆ ಹೊಸವು ಬರುತ್ತಿವೆಯೇ ಎಂಬ ಪ್ರಶ್ನೆಯನ್ನು ಲೆಕ್ಕಪತ್ರ ವಿಭಾಗಕ್ಕೆ ಬಿಟ್ಟು ಸುಮ್ಮನಿರಲಾಗದು. 2020ರ ನಂತರದ ಕೆಲವು ವರ್ಷಗಳಲ್ಲಿ ಹೊಸ ಬಸ್ಸುಗಳ ಖರೀದಿ ಬಹುತೇಕ ನಿಂತುಹೋದದ್ದು ಏಕೆ, ಅದರ ಭಾರ ಯಾರ ಮೇಲೆ ಬಿತ್ತು, ಖರೀದಿ ಮತ್ತೆ ಆರಂಭವಾದ ಮೇಲೂ ಸಮಸ್ಯೆ ಏಕೆ ಪೂರ್ತಿ ತೀರದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಬಸ್ಸುಗಳು ಹಳೆಯವಾಗಿವೆ ಎಂಬುದಕ್ಕಿಂತಲೂ ಅವು ಗುಂಪುಗುಂಪಾಗಿ, ಒಂದೇ ಹೊತ್ತಿಗೆ ಹಳೆಯವಾಗುತ್ತವೆ ಎಂಬುದೇ ಇಲ್ಲಿನ ನಿಜವಾದ ತೊಡಕು ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹಳೆಯ ಮೈಸೂರು ಸಂಸ್ಥಾನದ ಭಾಗದಲ್ಲಿ ಸರ್ಕಾರಿ ಬಸ್ ಸೇವೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಧಾರವಾಡ, ಬೆಳಗಾವಿ ಸೀಮೆಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಸಾರಿಗೆಯ ಬೇರು ಬೇರೆಯದೇ ಆಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಎರಡೂ ಕೂಡಿಕೊಂಡವು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ (ಇಂದಿನ ಕೆಎಸ್‌ಆರ್‌ಟಿಸಿ) ಸ್ಥಾಪನೆಯಾಯಿತು. ಅದು ಬೆಳೆದು ಒಂದೇ ಆಡಳಿತದ ಹಿಡಿತಕ್ಕೆ ಮೀರಿದಾಗ 1997ರ ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಸಂಸ್ಥೆ ಪ್ರತ್ಯೇಕವಾಯಿತು. ವಿಭಜನೆಯಿಂದ ಆಡಳಿತವೇನೋ ಜನರಿಗೆ ಹತ್ತಿರವಾಯಿತು. ಆದರೆ ಬೆಂಗಳೂರು, ಮೈಸೂರುಗಳ ಲಾಭದಾಯಕ ಮಾರ್ಗಗಳು ಬೇರೆ ನಿಗಮಗಳ ಪಾಲಾದವು. ಹಳ್ಳಿಯ ಮಾರ್ಗಗಳ ದೊಡ್ಡ ಹೊರೆ ಮತ್ತು ಹೊಸ ಬಸ್ಸು ಕೊಳ್ಳಲು ತೀರ ಕಡಿಮೆ ಉಳಿತಾಯ, ಇವೆರಡೂ ಹುಟ್ಟಿನಿಂದಲೇ ಈ ಸಂಸ್ಥೆಯ ಜೊತೆಗೆ ಬಂದವು.

ವಯಸ್ಸನ್ನು ಅಳೆಯುವ ಬಗೆ

ಸಾರಿಗೆ ಸಂಸ್ಥೆಗಳಲ್ಲಿ ಬಸ್ಸಿನ ಆಯಸ್ಸನ್ನು ಮುಖ್ಯವಾಗಿ ಅದು ಓಡಿದ ಕಿಲೋಮೀಟರುಗಳಿಂದ ಎಣಿಸುತ್ತಾರೆ. ಸಾಮಾನ್ಯ ಬಸ್ಸೊಂದು ಒಂಬತ್ತು ಲಕ್ಷ ಕಿ.ಮೀ. ಗಡಿಯನ್ನು ಸಮೀಪಿಸಿದಾಗ ಅದನ್ನು ಗುಜರಿಗೆ ಹಾಕುವ ಮಾತು ಶುರುವಾಗುತ್ತದೆ. ಬದಲಿ ಬಸ್ಸು ಸಿಗದಿದ್ದರೆ ಹತ್ತು, ಹನ್ನೊಂದು ಲಕ್ಷದವರೆಗೂ ಅದೇ ಬಸ್ಸು ದುಡಿಯುತ್ತದೆ. ದೂರದ ಮಾರ್ಗದಲ್ಲಿ ದಿನಕ್ಕೆ ಐನೂರು, ಆರುನೂರು ಕಿ.ಮೀ. ಓಡುವ ವೇಗದೂತ ಬಸ್ಸು ಐದಾರು ವರ್ಷಗಳಲ್ಲಿ ಮುಟ್ಟುವ ಅಂಕಿಯನ್ನು, ತಾಲ್ಲೂಕಿನೊಳಗೆ ದಿನಕ್ಕೆ ಇನ್ನೂರೈವತ್ತು ಕಿ.ಮೀ. ಓಡುವ ಬಸ್ಸು ಮುಟ್ಟಲು ಹತ್ತು ವರ್ಷ ದಾಟುತ್ತದೆ.

ಆದರೆ ಕಿಲೋಮೀಟರ್ ಎಂಬ ಅಳತೆಗೋಲು ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಈ ಸಂಸ್ಥೆಯ ಭೂಗೋಳವನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಬಾಗಲಕೋಟೆಯ ಕಡೆ ಮಳೆ ಕಡಿಮೆ, ಧೂಳು ಹೆಚ್ಚು; ಗಾಳಿ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ, ಬೇಸಿಗೆಯ ಬಿಸಿಲಿಗೆ ರೇಡಿಯೇಟರ್ ಮತ್ತು ಟೈರುಗಳು ಸೋಲುತ್ತವೆ. ಗದಗ, ನವಲಗುಂದದ ಕಡೆಯ ಎರೆಭೂಮಿಯಲ್ಲಿ ರಸ್ತೆಯ ತಳವೇ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಸ್ಪ್ರಿಂಗ್ ಪಟ್ಟಿಗಳು ಪದೇಪದೇ ಮುರಿಯುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಭಟ್ಕಳಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಸುರಿಯುವ ಮಳೆ ಮತ್ತು ಸಮುದ್ರದ ಉಪ್ಪುಗಾಳಿ ಸೇರಿ ಬಸ್ಸಿನ ಒಡಲನ್ನು ತಿನ್ನುತ್ತವೆ: ಮೊದಲು ನೆಲದ ತಗಡು, ಆಮೇಲೆ ಮೆಟ್ಟಿಲ ಬಳಿಯ ಚೌಕಟ್ಟು, ಕೊನೆಗೆ ಕಿಟಕಿಯ ಕಂಬಗಳ ಬುಡ. ಕರಾವಳಿಯಿಂದ ಮೇಲೆ ಬರಲು ಯಲ್ಲಾಪುರದ ದಾರಿಯಲ್ಲಿ ಅರಬೈಲು ಘಟ್ಟವನ್ನೂ ಶಿರಸಿಯ ದಾರಿಯಲ್ಲಿ ದೇವಿಮನೆ ಘಟ್ಟವನ್ನೂ ಹತ್ತಬೇಕು. ಹತ್ತುವಾಗ ಕ್ಲಚ್ಚು ಮತ್ತು ಗೇರ್‌ಪೆಟ್ಟಿಗೆಗೆ, ಇಳಿಯುವಾಗ ಬ್ರೇಕಿನ ಲೈನರುಗಳಿಗೆ ಬೀಳುವ ಒತ್ತಡವನ್ನು ಬಯಲುಸೀಮೆಯ ಬಸ್ಸು ತನ್ನ ಆಯಸ್ಸಿನಲ್ಲಿ ಒಮ್ಮೆಯೂ ಅನುಭವಿಸುವುದಿಲ್ಲ. ಏಳು ಲಕ್ಷ ಕಿ.ಮೀ. ಓಡಿದ ಕುಮಟಾದ ಬಸ್ಸು, ಒಂಬತ್ತು ಲಕ್ಷ ಓಡಿದ ಹಾವೇರಿಯ ಬಸ್ಸಿಗಿಂತ ಮುದಿಯಾಗಿರುವುದು ಸಾಧ್ಯ. ಹೀಗಾಗಿ ಇಡೀ ಸಂಸ್ಥೆಗೆ ಒಂದೇ ಮಿತಿಯನ್ನು ಗೊತ್ತುಪಡಿಸುವುದು ಆಡಳಿತಕ್ಕೆ ಅನುಕೂಲವೇ ಹೊರತು ಯಂತ್ರಕ್ಕೆ ನ್ಯಾಯವಲ್ಲ.

ಹಳೆಯ ಬಸ್ಸು ಹೋಗುವ ದಾರಿ

ಹೊಸ ಬಸ್ಸು ಬಂದಾಗ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಈ ಪ್ರಕರಣದ ಅತಿ ಮುಖ್ಯ ಅಂಶವೆಂದು ನಾನು ಭಾವಿಸುತ್ತೇನೆ. ಸಾರಿಗೆ ಸಂಸ್ಥೆಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿಯ ಪ್ರಕಾರ ಹೊಸ ಬಸ್ಸನ್ನು ಮೊದಲು ಬೆಂಗಳೂರು, ಪುಣೆ, ಮುಂಬಯಿ, ಪಣಜಿಯಂತಹ ದೂರದ ಮಾರ್ಗಗಳಿಗೆ ಹಾಕುತ್ತಾರೆ. ಅಲ್ಲಿ ಖಾಸಗಿ ಬಸ್ಸುಗಳ ಪೈಪೋಟಿ ಇದೆ, ಪ್ರತಿ ಕಿ.ಮೀ.ಗೆ ಬರುವ ಆದಾಯವೂ ಹೆಚ್ಚು. ಕೆಲವು ಲಕ್ಷ ಕಿ.ಮೀ. ಓಡಿದ ಮೇಲೆ ಅದೇ ಬಸ್ಸು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಮಾರ್ಗಕ್ಕೆ ಇಳಿಯುತ್ತದೆ, ಅಲ್ಲಿಂದ ತಾಲ್ಲೂಕಿನ ಮಾರ್ಗಕ್ಕೆ, ಕೊನೆಗೆ ಹಳ್ಳಿಯ ವಸ್ತಿ ಬಸ್ಸಿಗೆ. ಆದಾಯದ ದೃಷ್ಟಿಯಿಂದ ಇದು ಸಮರ್ಥನೀಯ ಪದ್ಧತಿಯೇ.

ವಸ್ತಿ ಬಸ್ಸು ಎಂದರೇನೆಂದು ಬೇರೆ ಸೀಮೆಯ ಓದುಗರಿಗೆ ಹೇಳಬೇಕಾದೀತು. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು ಕೊನೆಯ ಹಳ್ಳಿಯನ್ನು ಮುಟ್ಟಿ, ಚಾಲಕ ನಿರ್ವಾಹಕರೊಂದಿಗೆ ರಾತ್ರಿ ಅಲ್ಲಿಯೇ ತಂಗಿ, ನಸುಕಿನಲ್ಲಿ ಮರಳುವ ಬಸ್ಸು ಅದು. ಬೆಳಗಿನ ಆ ಒಂದು ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳು, ಸಂತೆಗೆ ಕಾಯಿಪಲ್ಯೆ ಒಯ್ಯುವವರು, ದವಾಖಾನೆಗೆ ಹೊರಟ ಹಿರಿಯರು ಎಲ್ಲರೂ ಇರುತ್ತಾರೆ. ನಗರದಲ್ಲಿ ಒಂದು ಬಸ್ಸು ಕೆಟ್ಟರೆ ಇನ್ನೊಂದು ಹತ್ತು ನಿಮಿಷದಲ್ಲಿ ಬಂದೀತು. ವಸ್ತಿ ಬಸ್ಸು ಕೆಟ್ಟರೆ ಆ ಹಳ್ಳಿಗೆ ಅಂದಿನ ಮುಂಜಾನೆಯೇ ಇಲ್ಲವಾಗುತ್ತದೆ. ಘಟಕದಿಂದ (ಡಿಪೊದಿಂದ) ಮೆಕ್ಯಾನಿಕ್ ಬಂದು ತಲುಪುವ ಹೊತ್ತಿಗೆ ಕಾಲೇಜಿನ ಮೊದಲ ಎರಡು ತಾಸುಗಳು ಮುಗಿದಿರುತ್ತವೆ. ದಾರಿಯಲ್ಲಿ ಕೆಟ್ಟು ನಿಲ್ಲುವ ಸಂಭವ ಹೆಚ್ಚಿರುವ ಬಸ್ಸು, ಕೆಟ್ಟರೆ ಹೆಚ್ಚು ಹಾನಿಯಾಗುವ ಜಾಗಕ್ಕೇ ಹೋಗುತ್ತದೆ. ಖರೀದಿ ನಿಂತ ವರ್ಷಗಳಲ್ಲಿ ಮೇಲಿನಿಂದ ಇಳಿದುಬರುವ ಬಸ್ಸುಗಳು ಮೇಲಿನ ಮಾರ್ಗಗಳಲ್ಲೇ ಉಳಿದುಕೊಂಡವು. ಕೆಳಗಿದ್ದವು ತಮ್ಮ ಮಿತಿಯನ್ನು ದಾಟಿಯೂ ಅಲ್ಲಿಯೇ ಓಡಬೇಕಾಯಿತು.

ಖರೀದಿ ನಿಂತದ್ದು ಹೇಗೆ

ಇದಕ್ಕೆ ಒಂದೇ ಕಾರಣವಿಲ್ಲ. ಹಲವು ಕಾರಣಗಳು ಒಂದರ ಬೆನ್ನಿಗೆ ಒಂದು ಬಂದವು. 2020ರ ಫೆಬ್ರವರಿ ಕೊನೆಯಲ್ಲಿ ಪ್ರಯಾಣ ದರವನ್ನು ಶೇ 12ರಷ್ಟು ಏರಿಸಲಾಯಿತು. ಅದರ ಫಲ ಕೈಗೆ ಬರುವ ಮೊದಲೇ, ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಬಸ್ಸುಗಳು ಘಟಕ ಸೇರಿದವು. ಮೇ ತಿಂಗಳಲ್ಲಿ ಸೇವೆ ಪುನರಾರಂಭವಾದಾಗ ಒಂದು ಬಸ್ಸಿಗೆ 30 ಪ್ರಯಾಣಿಕರ ಮಿತಿ ಇತ್ತು; ಐವತ್ತಕ್ಕೂ ಹೆಚ್ಚು ಜನ ಕೂರುತ್ತಿದ್ದ ಬಸ್ಸು ಅಷ್ಟೇ ಡೀಸೆಲ್ ಕುಡಿದು ಅರ್ಧದಷ್ಟು ಆದಾಯ ತಂದಿತು. 2021ರ ಏಪ್ರಿಲ್‌ನಲ್ಲಿ ವೇತನದ ಪ್ರಶ್ನೆಯ ಮೇಲೆ ನೌಕರರು ಎರಡು ವಾರ ಮುಷ್ಕರ ಹೂಡಿದರು, ಅದರ ಹಿಂದೆಯೇ ಕೋವಿಡ್‌ನ ಎರಡನೆಯ ಅಲೆ ಬಂದಿತು. ಇದೇ ಅವಧಿಯಲ್ಲಿ, 2020ರ ಏಪ್ರಿಲ್ 1ರಿಂದ, ವಾಹನಗಳ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ಮಾನದಂಡ ಜಾರಿಗೆ ಬಂದುದರಿಂದ ಹೊಸ ಬಸ್ಸಿನ ಬೆಲೆಯೂ ಏರಿತು. ನಗದು ಹರಿವು ಬತ್ತಿದ ಸಂಸ್ಥೆಗೆ ಮೊದಲು ಕಾಣುವುದು ತಿಂಗಳ ಸಂಬಳ ಮತ್ತು ನಾಳೆಯ ಡೀಸೆಲ್. ಈ ವರ್ಷ ಬಸ್ಸು ಕೊಳ್ಳದಿದ್ದರೆ ಈ ವರ್ಷವೇ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಆದ್ದರಿಂದ ಮುಂದೂಡಲು ಅದೇ ಅತ್ಯಂತ ಸುಲಭವಾದ ವೆಚ್ಚವಾಗುತ್ತದೆ.

ಮುಂದೂಡಿದ್ದರ ಮೊತ್ತವನ್ನು ಒಂದು ಅಂದಾಜಿನಿಂದ ತಿಳಿಯಬಹುದು. ಬಸ್ಸುಗಳ ಸಂಖ್ಯೆಯನ್ನು ಐದು ಸಾವಿರ ಎಂದು ಹಿಡಿಯೋಣ. ದುರಸ್ತಿಯ ದಿನಗಳನ್ನು ಕಳೆದು ಒಂದು ಬಸ್ಸು ವರ್ಷಕ್ಕೆ ಸರಾಸರಿ 1.1 ಲಕ್ಷ ಕಿ.ಮೀ. ಓಡುತ್ತದೆ, ಹತ್ತು ಲಕ್ಷ ಕಿ.ಮೀ. ಅದರ ಕೊನೆ ಎಂದುಕೊಂಡರೆ ಆಯಸ್ಸು ಒಂಬತ್ತು ವರ್ಷವಾಗುತ್ತದೆ. ಅಂದರೆ ಇರುವ ಸಂಖ್ಯೆಯನ್ನು ಉಳಿಸಿಕೊಳ್ಳುವುದಕ್ಕೇ ಪ್ರತಿ ವರ್ಷ ಸುಮಾರು 550 ಹೊಸ ಬಸ್ಸುಗಳು ಬೇಕು. ಒಂದಕ್ಕೆ 40 ಲಕ್ಷ ರೂಪಾಯಿಯಂತೆ ಅದು ವರ್ಷಕ್ಕೆ 220 ಕೋಟಿಯ ವೆಚ್ಚ. ಮೂರು ವರ್ಷ ಖರೀದಿ ನಿಂತರೆ ಬಾಕಿ ಉಳಿಯುವುದು 1,650 ಬಸ್ಸುಗಳು, ಅಂದರೆ ಸಂಸ್ಥೆಯ ಮೂರನೆಯ ಒಂದು ಭಾಗ. ಮೊತ್ತ 660 ಕೋಟಿ. ಇವು ಸಂಸ್ಥೆಯ ಅಧಿಕೃತ ಅಂಕಿಗಳಲ್ಲ, ನಾನು ಹಾಕಿದ ಲೆಕ್ಕ. ಆದರೆ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದರೂ ಸ್ವರೂಪ ಬದಲಾಗುವುದಿಲ್ಲ.

ಖರೀದಿಗೆ ಹಣ ಉಳಿಯದಿರುವುದರ ಇನ್ನೊಂದು ಮುಖ ಪ್ರಯಾಣ ದರದ್ದು. 2020ರ ನಂತರ ಮುಂದಿನ ಏರಿಕೆಯಾದದ್ದು 2025ರ ಜನವರಿ 5ರಂದು, ಶೇ 15ರಷ್ಟು. ಆ ಸಂದರ್ಭದಲ್ಲಿ ಸರ್ಕಾರ ನೀಡಿದ ವಿವರಣೆಯ ಪ್ರಕಾರ, ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಒಟ್ಟು ಡೀಸೆಲ್ ವೆಚ್ಚ ಹತ್ತು ವರ್ಷಗಳಲ್ಲಿ ದಿನಕ್ಕೆ ಸುಮಾರು 9 ಕೋಟಿಯಿಂದ 13 ಕೋಟಿಗೆ ಏರಿತ್ತು. ಹೊಸ ಬಸ್ಸಿನ ಹಣ ಹುಟ್ಟಬೇಕಾದದ್ದು ಟಿಕೆಟ್ಟಿನ ಆದಾಯ ಮತ್ತು ದಿನದ ಖರ್ಚಿನ ನಡುವಿನ ಅಂತರದಲ್ಲಿ. ಐದು ವರ್ಷ ಒಂದೇ ದರ ಇದ್ದು ಖರ್ಚು ಮಾತ್ರ ಏರುತ್ತಿದ್ದರೆ ಆ ಅಂತರ ಎಲ್ಲಿಂದ ಬರಬೇಕು? ದರ ಏರಿಕೆ ಬಡ ಪ್ರಯಾಣಿಕನಿಗೆ ಹೊರೆಯೆಂಬುದನ್ನು ಒಪ್ಪುತ್ತೇನೆ. ಆದರೆ ದರವನ್ನು ಹಿಡಿದಿಟ್ಟರೆ ಅಷ್ಟೇ ಮೊತ್ತವನ್ನು ಸರ್ಕಾರ ಬೇರೆ ರೂಪದಲ್ಲಿ ತುಂಬಿಕೊಡಬೇಕು. ಎರಡೂ ಆಗದಿದ್ದಾಗ ಆ ವೆಚ್ಚವನ್ನು ಬಸ್ಸಿನ ಒಡಲೇ ಭರಿಸುತ್ತದೆ.

ಒಂದೇ ವರ್ಷದಲ್ಲಿ ಎರಡು ಒತ್ತಡ

2023 ಈ ಪ್ರಕರಣದ ತಿರುವಿನ ವರ್ಷ. ಸರ್ಕಾರ ಮತ್ತು ಸರ್ಕಾರಿ ಉದ್ಯಮಗಳಿಗೆ ಸೇರಿದ, 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು ನವೀಕರಿಸಬಾರದೆಂಬ ಕೇಂದ್ರದ ನಿಯಮ ಆ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸಾರಿಗೆ ನಿಗಮಗಳ ಬಸ್ಸುಗಳೂ ಅದರ ವ್ಯಾಪ್ತಿಯಲ್ಲಿವೆ. ಅಲ್ಲಿಯವರೆಗೆ ಅರ್ಹತಾ ಪತ್ರ ಸಿಗುವಷ್ಟು ಕಾಲ ಬಸ್ಸನ್ನು ಓಡಿಸುವ ಅವಕಾಶವಿತ್ತು. ಈಗ ಕಿಲೋಮೀಟರ್ ಏನೇ ಇರಲಿ, ದಿನಾಂಕ ಬಂದೊಡನೆ ಬಸ್ಸು ರಸ್ತೆಯಿಂದ ಇಳಿಯಲೇಬೇಕು. ಸಮಯಕ್ಕೆ ಸರಿಯಾಗಿ ಬಸ್ಸು ಬದಲಿಸುವ ಸಂಸ್ಥೆಗೆ ಈ ನಿಯಮದಿಂದ ತೊಂದರೆಯೇ ಇಲ್ಲ, ಏಕೆಂದರೆ ಅದರ ಬಸ್ಸುಗಳು 15 ವರ್ಷ ಮುಟ್ಟುವುದೇ ಇಲ್ಲ. ಬದಲಾವಣೆಯನ್ನು ಮುಂದೂಡಿದ ಸಂಸ್ಥೆಗೆ ಮಾತ್ರ ಇದು ಕಟ್ಟುನಿಟ್ಟಿನ ಗಡುವಾಯಿತು.

ಎರಡೇ ತಿಂಗಳ ನಂತರ, ಜೂನ್ 11ರಂದು, ಶಕ್ತಿ ಯೋಜನೆ ಆರಂಭವಾಯಿತು. ಸಾಮಾನ್ಯ, ನಗರ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಶೂನ್ಯ ಟಿಕೆಟ್ ಪಡೆದು ಪ್ರಯಾಣಿಸತೊಡಗಿದರು. 2025ರ ಜುಲೈ ಹೊತ್ತಿಗೆ ರಾಜ್ಯದಾದ್ಯಂತ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಕೂಲಿಗೆ, ಕಾಲೇಜಿಗೆ, ತವರಿಗೆ, ದವಾಖಾನೆಗೆ ಹೋಗಲು ಯಾರ ಮುಂದೆಯೂ ಕೈಚಾಚದೆ ಬಸ್ಸು ಹತ್ತುವ ಸ್ವಾತಂತ್ರ್ಯ ದೊಡ್ಡದು. ಅದನ್ನು ಬಸ್ಸಿನ ಸವಕಳಿಯ ಲೆಕ್ಕದಲ್ಲಿ ಅಳೆಯುವುದು ತಪ್ಪಾಗುತ್ತದೆ. ಆದರೂ ಯಂತ್ರದ ಸಂಗತಿಯನ್ನು ಹೇಳಲೇಬೇಕು. ಶೂನ್ಯ ಟಿಕೆಟ್ಟಿನ ಮೊತ್ತವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡುವ ವ್ಯವಸ್ಥೆ ಆದಾಯದ ನಷ್ಟಕ್ಕೆ ಸಂಬಂಧಿಸಿದ್ದು. ಹೆಚ್ಚಿದ ಭಾರವನ್ನು ಹೊರುವುದು ಇರುವ ಬಸ್ಸುಗಳ ಸ್ಪ್ರಿಂಗ್, ಬ್ರೇಕು ಮತ್ತು ಟೈರುಗಳು. ಬೇಡಿಕೆ ದಿಢೀರನೆ ಏರಿದ್ದು ಬಸ್ಸುಗಳ ಸರಾಸರಿ ವಯಸ್ಸು ಅತಿ ಹೆಚ್ಚಿದ್ದ ಹೊತ್ತಿನಲ್ಲಿ. ಹೊಸ ಬಸ್ಸುಗಳು ಬರತೊಡಗಿದ್ದು ಅದರ ನಂತರ.

ಹಳೆಯದನ್ನೇ ಹೊಸದಾಗಿಸುವ ದಾರಿ

ಈ ನಡುವೆ ರಾಜ್ಯದ ನಿಗಮಗಳು ಹಿಡಿದ ಒಂದು ದಾರಿ ಬಸ್ಸುಗಳ ಪುನಶ್ಚೇತನ. ಕೆಎಸ್‌ಆರ್‌ಟಿಸಿಯು ಬೆಂಗಳೂರು ಮತ್ತು ಹಾಸನದ ತನ್ನ ಕಾರ್ಯಾಗಾರಗಳಲ್ಲಿ, ಸ್ವಂತ ಸಿಬ್ಬಂದಿಯಿಂದಲೇ, ಸಾವಿರಕ್ಕೂ ಹೆಚ್ಚು ಹಳೆಯ ಬಸ್ಸುಗಳ ಒಡಲನ್ನು ಬಿಚ್ಚಿ ಹೊಸದಾಗಿ ಕಟ್ಟಿತು. ಚಾಸಿ (ಬಸ್ಸಿನ ತಳದ ಚೌಕಟ್ಟು) ಮತ್ತು ಎಂಜಿನ್ ಉಳಿಸಿಕೊಂಡು ತುಕ್ಕು ಹಿಡಿದ ಕಂಬ, ತಗಡು, ಚಾವಣಿ, ಕಿಟಕಿ, ಆಸನಗಳನ್ನು ಬದಲಿಸುವ ಕೆಲಸ ಇದು. ಒಂದು ಬಸ್ಸಿಗೆ ತಗಲುವ ವೆಚ್ಚ ಮೂರು ಲಕ್ಷದ ಆಸುಪಾಸು. ವಾಯವ್ಯ ಸಂಸ್ಥೆಗೂ ಹುಬ್ಬಳ್ಳಿಯಲ್ಲಿ ಬಸ್ಸಿನ ಒಡಲು ಕಟ್ಟಿದ ಅನುಭವವುಳ್ಳ ಪ್ರಾದೇಶಿಕ ಕಾರ್ಯಾಗಾರವಿದೆ. ಆದ್ದರಿಂದ ಈ ಪ್ರಯೋಗವನ್ನು ಇಲ್ಲಿಯ ದೃಷ್ಟಿಯಿಂದ ತೂಗಿ ನೋಡುವುದು ಅಗತ್ಯ.

ಮೇಲುನೋಟದ ಲೆಕ್ಕ ಪುನಶ್ಚೇತನದ ಪರವಾಗಿಯೇ ಇದೆ. 40 ಲಕ್ಷದ ಹೊಸ ಬಸ್ಸು ಹತ್ತು ಲಕ್ಷ ಕಿ.ಮೀ. ಓಡಿದರೆ ಬಂಡವಾಳದ ಪಾಲು ಕಿ.ಮೀ.ಗೆ ನಾಲ್ಕು ರೂಪಾಯಿ. ಮೂರು ಲಕ್ಷ ಹಾಕಿದ ಹಳೆಯ ಬಸ್ಸು ಇನ್ನೂ ಮೂರು ಲಕ್ಷ ಕಿ.ಮೀ. ಓಡಿದರೆ ಅದು ಒಂದೇ ರೂಪಾಯಿ. ಹಳೆಯ ಎಂಜಿನ್ ಲೀಟರಿಗೆ 5.3ರ ಬದಲು 5 ಕಿ.ಮೀ. ಕೊಟ್ಟಿತೆಂದು ಇಟ್ಟುಕೊಂಡರೂ, 85 ರೂಪಾಯಿಯ ಡೀಸೆಲ್‌ಗೆ ಕಿ.ಮೀ.ಗೆ ಹೆಚ್ಚುವರಿ ಖರ್ಚು ಸುಮಾರು ಒಂದು ರೂಪಾಯಿ ಮಾತ್ರ. ಬಿಡಿಭಾಗಗಳಿಗೆ ಇನ್ನಷ್ಟು ಸೇರಿಸಿದರೂ ಹಳೆಯ ಬಸ್ಸೇ ಅಗ್ಗವೆಂದು ತೋರುತ್ತದೆ.

ಈ ಲೆಕ್ಕದಲ್ಲಿ ಸೇರದ ಮೂರು ಸಂಗತಿಗಳಿವೆ. ಪುನಶ್ಚೇತನಗೊಂಡ ಬಸ್ಸಿನ ನೋಂದಣಿ ದಿನಾಂಕ ಹಳೆಯದೇ ಆಗಿರುವುದರಿಂದ, ಹನ್ನೊಂದನೆಯ ವರ್ಷದಲ್ಲಿ ಒಡಲು ಬದಲಿಸಿದ ಬಸ್ಸಿಗೆ ಉಳಿಯುವುದು ನಾಲ್ಕೇ ವರ್ಷ. ಹದಿಮೂರನೆಯ ವರ್ಷದಲ್ಲಿ ಮಾಡಿದರೆ ಮೂರು ಲಕ್ಷವನ್ನು ಎರಡು ವರ್ಷದ ಮೇಲೆ ಹಂಚಬೇಕು. ಒಡಲು ಹೊಸದಾದ ಮಾತ್ರಕ್ಕೆ ಚಾಸಿಯ ದಣಿವು, ಸ್ಟೀರಿಂಗ್ ಕೀಲುಗಳ ಸವೆತ ಹೋಗುವುದಿಲ್ಲ. ಹೊಸ ಬಣ್ಣ ಅದನ್ನು ಕಣ್ಣಿನಿಂದ ಮರೆಮಾಡುವ ಅಪಾಯವೂ ಇದೆ. ಮೂರನೆಯದು, ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನಿಂದ ರದ್ದಾದ ಟ್ರಿಪ್ಪಿನ ಬೆಲೆ. ಸಂಸ್ಥೆಯ ಪುಸ್ತಕದಲ್ಲಿ ಅದು ಕೆಲವು ಸಾವಿರ ರೂಪಾಯಿಯ ಆದಾಯ ನಷ್ಟ. ಪರೀಕ್ಷೆಗೆ ಹೊರಟ ವಿದ್ಯಾರ್ಥಿನಿಯ ಪಾಲಿಗೆ ಒಂದು ವರ್ಷ. ಇಷ್ಟೆಲ್ಲ ಹೇಳಿದ ಮೇಲೂ ನಾನು ಪುನಶ್ಚೇತನವನ್ನು ವಿರೋಧಿಸುವುದಿಲ್ಲ. ಬಯಲುಸೀಮೆಯಲ್ಲಿ ಓಡಿದ, ಹತ್ತು ವರ್ಷದೊಳಗಿನ, ಚಾಸಿ ಗಟ್ಟಿಯಾಗಿರುವ ಬಸ್ಸಿಗೆ ಅದು ಯೋಗ್ಯ ಚಿಕಿತ್ಸೆ. ಕರಾವಳಿಯಲ್ಲಿ ದುಡಿದು ಘಟ್ಟ ಹತ್ತಿಳಿದ ಬಸ್ಸಿಗೆ ಅಲ್ಲ.

ಹೊಸ ಬಸ್ಸು ಬಂದ ಮೇಲಿನ ಕೆಲಸ

ಹೊಸ ಬಸ್ಸು ಬಂದೊಡನೆ ಘಟಕದ ಕೆಲಸ ಹಗುರಾಗುತ್ತದೆಂಬ ಭಾವನೆ ಅರ್ಧ ಮಾತ್ರ ನಿಜ. ಹಳೆಯ ತಲೆಮಾರಿನ ಬಸ್ಸುಗಳಲ್ಲಿ ಇಂಧನ ಪಂಪು ಯಾಂತ್ರಿಕವಾದುದಾಗಿತ್ತು. ಅನುಭವಿ ತಾಂತ್ರಿಕ ಸಿಬ್ಬಂದಿ ಶಬ್ದ ಕೇಳಿಯೇ ದೋಷವನ್ನು ಗುರುತಿಸುತ್ತಿದ್ದರು. ಬಿಎಸ್ 6 ಬಸ್ಸಿನಲ್ಲಿ ಇಂಧನದ ಸರಬರಾಜು, ಹೊಗೆಯ ಶುದ್ಧೀಕರಣ ಎರಡೂ ಸಂವೇದಕಗಳ ಅಧೀನದಲ್ಲಿವೆ. ಹೊಗೆಯನ್ನು ಶುದ್ಧೀಕರಿಸುವ ಯೂರಿಯಾ ದ್ರಾವಣವನ್ನು ಪ್ರತ್ಯೇಕ ತೊಟ್ಟಿಗೆ ತುಂಬಬೇಕು, ಅದು ಮುಗಿದರೆ ಅಥವಾ ಕಲುಷಿತವಾದರೆ ಎಂಜಿನ್ ತಾನಾಗಿಯೇ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ದೋಷ ಪತ್ತೆಗೆ ಸ್ಕ್ಯಾನರ್ ಬೇಕು. ತಾಲ್ಲೂಕು ಘಟಕಗಳಿಗೆ ಆ ಉಪಕರಣ ಮತ್ತು ತರಬೇತಿ ಬಸ್ಸಿನ ಜೊತೆಗೇ ತಲುಪದಿದ್ದರೆ, ಎರಡು ವರ್ಷದ ಬಸ್ಸೂ ಸಣ್ಣ ದೋಷಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ವಿದ್ಯುತ್ ಬಸ್ಸುಗಳ ವಿಷಯದಲ್ಲಿ ಎಚ್ಚರದ ಆಶಾವಾದ ಸರಿಯೆನಿಸುತ್ತದೆ. ಬಸ್ಸಿನ ಮಾಲೀಕತ್ವವನ್ನು ಖಾಸಗಿ ಕಂಪನಿಯೇ ಇಟ್ಟುಕೊಂಡು, ಓಡಿದ ಕಿ.ಮೀ. ಲೆಕ್ಕದಲ್ಲಿ ನಿಗಮದಿಂದ ಹಣ ಪಡೆಯುವ ಗುತ್ತಿಗೆ ಪದ್ಧತಿ ಬೆಂಗಳೂರಿನಲ್ಲಿ ಈಗಾಗಲೇ ನೆಲೆಯೂರಿದೆ. ಒಮ್ಮೆಲೇ ಬಂಡವಾಳ ಹೂಡಲಾಗದ ಸಂಸ್ಥೆಗೆ ಇದು ಅನುಕೂಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ನಗರ ಮಾರ್ಗಗಳಿಗೆ ಹೊಂದುತ್ತದೆ. ರಾತ್ರಿ ಹಳ್ಳಿಯಲ್ಲಿ ತಂಗುವ ವಸ್ತಿ ಬಸ್ಸಿಗೆ ಸದ್ಯಕ್ಕೆ ಹೊಂದುವುದಿಲ್ಲ, ಏಕೆಂದರೆ ಅದು ತಂಗುವ ಗುಡಿಯ ಕಟ್ಟೆಯ ಬಳಿ ಚಾರ್ಜಿಂಗ್ ವ್ಯವಸ್ಥೆಯಿಲ್ಲ. ನಗರದಲ್ಲಿ ಹೀಗೆ ಬಿಡುವಾಗುವ ಉತ್ತಮ ಸ್ಥಿತಿಯ ಡೀಸೆಲ್ ಬಸ್ಸುಗಳನ್ನು ಹಳ್ಳಿಗಳಿಗೆ ಕೊಡುವುದಾದರೆ ಆ ಯೋಜನೆಗೆ ನನ್ನ ಪೂರ್ಣ ಬೆಂಬಲವಿದೆ.

ಗುಂಪಾಗಿ ಕೊಳ್ಳುವುದರ ಬೆಲೆ

ಗುಂಪಾಗಿ ಕೊಂಡ ಬಸ್ಸುಗಳು ಗುಂಪಾಗಿಯೇ ಹಳೆಯವಾಗುತ್ತವೆ ಎಂಬುದಕ್ಕೆ ಹುಬ್ಬಳ್ಳಿ ಧಾರವಾಡದ ಜನರ ಕಣ್ಣೆದುರಿಗೇ ಉದಾಹರಣೆಯಿದೆ. ಅವಳಿ ನಗರಗಳ ನಡುವಿನ 22 ಕಿ.ಮೀ. ಪ್ರತ್ಯೇಕ ಪಥದಲ್ಲಿ ಓಡುವ ನೂರು ಹವಾನಿಯಂತ್ರಿತ ಚಿಗರಿ ಬಸ್ಸುಗಳನ್ನು ಒಂದೇ ಯೋಜನೆಯಡಿ ಒಟ್ಟಿಗೆ ಕೊಳ್ಳಲಾಯಿತು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಓಡಾಟ ಶುರುವಾಯಿತು, 2020ರ ಫೆಬ್ರವರಿ 2ರಂದು ವಿಧ್ಯುಕ್ತ ಉದ್ಘಾಟನೆಯಾಯಿತು. ಒಂದೇ ಪಥದಲ್ಲಿ ಒಂದೇ ಬಗೆಯ ದುಡಿಮೆ ಮಾಡುವ ಈ ಬಸ್ಸುಗಳ ಎಂಜಿನ್, ಬಾಗಿಲು, ಹವಾನಿಯಂತ್ರಣ ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ದುರಸ್ತಿ ಬೇಡುತ್ತವೆ, ಕೊನೆಗೆ ಒಂದೇ ಕಾಲಕ್ಕೆ ಬದಲಿ ಬೇಡುತ್ತವೆ. ವರ್ಷಕ್ಕೆ ಹನ್ನೆರಡು ಹದಿಮೂರು ಬಸ್ಸುಗಳಂತೆ ಬದಲಿಸಬಹುದಾಗಿದ್ದ ವ್ಯವಸ್ಥೆಗೆ, ನೂರು ಬಸ್ಸುಗಳ ಹಣವನ್ನು ಒಮ್ಮೆಲೇ ಹುಡುಕುವ ಪ್ರಸಂಗ ಬರುತ್ತದೆ.

ಇಡೀ ಸಂಸ್ಥೆಯ ಮಟ್ಟದಲ್ಲಿಯೂ ಇದೇ ಆಗಲಿದೆ. 2023ರ ನಂತರ ಬಾಕಿ ತೀರಿಸಲೆಂದು ದೊಡ್ಡ ಸಂಖ್ಯೆಯಲ್ಲಿ ಸೇರಿಸಿದ ಬಸ್ಸುಗಳು 2032ರ ಸುಮಾರಿಗೆ ಒಟ್ಟಿಗೇ ಹತ್ತು ಲಕ್ಷ ಕಿ.ಮೀ. ಸಮೀಪಿಸುತ್ತವೆ. ಆ ವರ್ಷಗಳು ಆರ್ಥಿಕವಾಗಿ ಕಷ್ಟದವಾದರೆ ಹಿಂದಿನದೇ ಸರಣಿ ಮರುಕಳಿಸುತ್ತದೆ. ಇದನ್ನು ತಪ್ಪಿಸಲು ಪವಾಡವೇನೂ ಬೇಕಿಲ್ಲ. ಟಿಕೆಟ್ಟಿನ ಆದಾಯದಿಂದಾಗಲಿ, ಶಕ್ತಿ ಯೋಜನೆಯ ಮರುಪಾವತಿಯಿಂದಾಗಲಿ, ಓಡಿದ ಪ್ರತಿ ಕಿ.ಮೀ.ಗೆ ನಾಲ್ಕು ರೂಪಾಯಿಯನ್ನು ಬಸ್ಸು ಖರೀದಿಯ ಪ್ರತ್ಯೇಕ ನಿಧಿಗೆ ಹಾಕಬೇಕು. ಸಂಬಳಕ್ಕಾಗಲಿ ಡೀಸೆಲ್ ಬಾಕಿಗಾಗಲಿ ಆ ನಿಧಿಯನ್ನು ಮುಟ್ಟದಂತೆ ಕಟ್ಟಳೆ ಇರಬೇಕು. ಒಳ್ಳೆಯ ವರ್ಷದಲ್ಲಿ ಸಾವಿರ, ಕೆಟ್ಟ ವರ್ಷದಲ್ಲಿ ಸೊನ್ನೆ ಎಂಬುದರ ಬದಲು ಪ್ರತಿ ವರ್ಷ ಐನೂರೈವತ್ತರ ಆಸುಪಾಸು ಕೊಳ್ಳಬೇಕು. ಕರಾವಳಿ ಮತ್ತು ಘಟ್ಟದ ಘಟಕಗಳಿಗೆ ಕಡಿಮೆ ಕಿ.ಮೀ. ಮಿತಿಯನ್ನು ನಿಗದಿಪಡಿಸಬೇಕು.

ಇವುಗಳ ಜೊತೆಗೆ, ಹೊಸದಾಗಿ ಬರುವ ಪ್ರತಿ ತಂಡದಲ್ಲಿ ಒಂದು ಪಾಲನ್ನು, ಹತ್ತರಲ್ಲಿ ಒಂದಾದರೂ ಸರಿ, ನೇರವಾಗಿ ತಾಲ್ಲೂಕು ಘಟಕಗಳ ವಸ್ತಿ ಮಾರ್ಗಗಳಿಗೆ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ದೂರದ ಮಾರ್ಗದ ಆದಾಯದಲ್ಲಿ ಇದರಿಂದ ಸ್ವಲ್ಪ ಕಡಿತವಾಗಬಹುದು. 550ರಲ್ಲಿ 55 ಬಸ್ಸುಗಳೆಂದರೆ ಒಂಬತ್ತು ವರ್ಷಗಳಲ್ಲಿ ಸುಮಾರು ಐನೂರು ವಸ್ತಿ ಮಾರ್ಗಗಳು ಒಮ್ಮೆಯಾದರೂ ಹೊಸ ಬಸ್ಸನ್ನು ಕಾಣುತ್ತವೆ. ಯಾವ ಹಳ್ಳಿಗೆ ಯಾವ ವರ್ಷ ಎಂಬ ಪಟ್ಟಿಯನ್ನು ವಿಭಾಗ ಕಚೇರಿಗಳು ಈಗಲೇ ಸಿದ್ಧಪಡಿಸಿ, ಆಯಾ ಬಸ್ ನಿಲ್ದಾಣದ ಗೋಡೆಯ ಮೇಲೆ ಹಚ್ಚಬಹುದು.